ಡೆಕ್ಸ್‌ಟ್ರಾನ್ ನಂಬಿ ಜೀವಕೋಶ ಹೆಪ್ಪುಗಟ್ಟಿಸಿದ ನನ್ನ ಅನುಭವ

ಜೀವಕೋಶಗಳನ್ನು ಹೆಪ್ಪುಗಟ್ಟಿಸಿ ಕಾಪಿಡಲು ಶೇ. 10 ಡಿಎಂಎಸ್‌ಒ (ಕೋಶದೊಳಗೆ ಹೊಕ್ಕು ಮಂಜುಗಡ್ಡೆಯ ಹಾನಿ ತಡೆಯುವ ದ್ರಾವಕ), ಉಳಿದದ್ದು ಸೀರಮ್ (ರಕ್ತದ ತಿಳಿ ಭಾಗ). ಎಲ್ಲರಂತೆ ನಾನೂ ವರ್ಷಗಟ್ಟಲೆ ಇದನ್ನೇ ಮಾಡಿಕೊಂಡು ಬಂದವನು. 1959ರಲ್ಲಿ ವಿಜ್ಞಾನಿಗಳಾದ ಲವ್‌ಲಾಕ್ ಮತ್ತು ಬಿಷಪ್ ತೋರಿಸಿಕೊಟ್ಟ ದಾರಿ, ಬಿಡಲು ಯಾರಿಗೂ ಮನಸ್ಸಿಲ್ಲ. ಡಿಎಂಎಸ್‌ಒ ಇಳಿಸಿ ಡೆಕ್ಸ್‌ಟ್ರಾನ್ (ಸಕ್ಕರೆ ಅಣುಗಳ ಉದ್ದ ಸರಪಳಿ, ಅಂದರೆ ಪಾಲಿಮರ್) ಹಾಕುತ್ತೇನೆ ಎಂದಾಗ ಹಿರಿಯರೊಬ್ಬರು, "ಜೀವಕೋಶಗಳನ್ನು ಅಂಟಿನಲ್ಲಿ ಅದ್ದಿಡುತ್ತೀರೇನು?" ಎಂದು ನಕ್ಕರು. ಈಗ ನನ್ನ ಮೂಳೆಮಜ್ಜೆಯ ಕಾಂಡಕೋಶಗಳು (ಸ್ಟೆಮ್ ಸೆಲ್) ಶೇ. 3 ಡಿಎಂಎಸ್‌ಒದಲ್ಲಿ, ಒಂದು ಹನಿ ಸೀರಮ್ ಇಲ್ಲದೆ, ದ್ರವ ಸಾರಜನಕದಲ್ಲಿ ಕುಳಿತಿವೆ. ಕರಗಿಸಿದ ಮರುದಿನ ನೂರಕ್ಕೆ ಎಂಬತ್ತರ ಆಸುಪಾಸು ತಟ್ಟೆಗೆ ಅಂಟಿಕೊಳ್ಳುತ್ತವೆ, ಅಂದರೆ ಬದುಕಿವೆ.

ಮೊದಲು ಮಾಡಿದ ದಡ್ಡತನವೆಂದರೆ ಡಿಎಂಎಸ್‌ಒವನ್ನು ಪೂರ್ತಿ ಬಿಟ್ಟದ್ದು. ಕರಗಿಸಿದ ಕೂಡಲೇ ಟ್ರಿಪಾನ್ ಬ್ಲೂ (ಸತ್ತ ಕೋಶಗಳಿಗೆ ಮಾತ್ರ ಹಿಡಿಯುವ ನೀಲಿ ಬಣ್ಣ) ಹಾಕಿ ನೋಡಿದೆ, ಶೇ. 70ರಷ್ಟು ಜೀವಂತ! ಎಲ್ಲರಿಗೂ ಹೇಳಿಕೊಂಡು ಬಂದೆ. ಮರುದಿನ ತಟ್ಟೆಯಲ್ಲಿ ಐದರಲ್ಲಿ ಒಂದೂ ಉಳಿದಿರಲಿಲ್ಲ. ಅಂದಿನಿಂದ 24 ಗಂಟೆ ಕಳೆಯದ ಎಣಿಕೆಯನ್ನು ನಾನು ಪುಸ್ತಕದಲ್ಲಿ ಬರೆಯುವುದಿಲ್ಲ, ಬೇರೆಯವರದನ್ನು ನಂಬುವುದೂ ಇಲ್ಲ. ತಣ್ಣಗೆ ಕುಳಿತು ಲೆಕ್ಕ ಹಾಕಿದ್ದರೆ ಮೊದಲೇ ತಿಳಿಯುತ್ತಿತ್ತು. ಶೇ. 10 ಡೆಕ್ಸ್‌ಟ್ರಾನ್ 40 (ಅಣುತೂಕ ಸುಮಾರು 40,000) ಎಂದರೆ ಅಣುಗಳ ಎಣಿಕೆಯಲ್ಲಿ 2.5 ಮಿಲಿಮೋಲಾರ್ ಅಷ್ಟೇ. ಅಷ್ಟೇ ಪ್ರಮಾಣದ ಡಿಎಂಎಸ್‌ಒ ಸುಮಾರು 1.4 ಮೋಲಾರ್, ಐನೂರು ಪಟ್ಟಿಗೂ ಹೆಚ್ಚು. ಪಾಲಿಮರ್ ಕೋಶದ ಒಳಗೂ ಹೋಗುವುದಿಲ್ಲ. ಒಳಗಿನ ಕೆಲಸಕ್ಕೆ ಸ್ವಲ್ಪ ಡಿಎಂಎಸ್‌ಒ ಬೇಕೇ ಬೇಕು.

ಹಣ ಹಾಳಾದದ್ದು ಫಿಲ್ಟರ್‌ಗಳಲ್ಲಿ. ಕ್ರಿಮಿಶುದ್ಧಿಗೆಂದು ಆಟೋಕ್ಲೇವ್ ಮಾಡಿದರೆ (ಒತ್ತಡದ ಹಬೆಯಲ್ಲಿ ಬೇಯಿಸಿದರೆ) ನನ್ನ ದ್ರಾವಣ ಹಳದಿ ತಿರುಗಿತು. ಸರಿ, 0.22 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸೋಣವೆಂದರೆ ಹತ್ತು ಮಿಲಿಲೀಟರ್ ದಾಟುವಷ್ಟರಲ್ಲಿ ಕಟ್ಟಿಕೊಳ್ಳುತ್ತಿತ್ತು. ಹೆಬ್ಬೆರಳು ಮರಗಟ್ಟುವವರೆಗೆ ಸಿರಿಂಜ್ ಒತ್ತಿದೆ, ಒಂದು ಸಿಡಿದು ಹುಡ್ (ಶುದ್ಧ ಗಾಳಿಯ ಕೆಲಸದ ಗೂಡು) ತುಂಬ ಅಂಟಂಟು. ಆ ತಿಂಗಳ ಸಾಮಗ್ರಿ ಹಣದ ಮೂರರಲ್ಲೊಂದು ಪಾಲು ಫಿಲ್ಟರ್‌ಗೇ ಹೋಯಿತು. ಕೊನೆಗೆ ದ್ರಾವಣ ಬೆಚ್ಚಗಿರುವಾಗಲೇ ಮೊದಲು 0.45ರಲ್ಲಿ, ಆಮೇಲೆ 0.22ರಲ್ಲಿ ಸೋಸಿದೆ, ಸಲೀಸಾಯಿತು. ಸೀರಮ್ ಬಿಟ್ಟ ಉಳಿತಾಯದಿಂದ ಆ ನಷ್ಟ ನಾಲ್ಕೈದು ತಿಂಗಳಲ್ಲಿ ತುಂಬಿಕೊಂಡಿತು.

ಇನ್ನೊಂದು ಪೆಟ್ಟು ಇದಕ್ಕಿಂತ ಅವಮಾನಕರ. ಕರಗಿಸಿ ಸೆಂಟ್ರಿಫ್ಯೂಜ್‌ಗೆ ಹಾಕಿ ತೆಗೆದರೆ ಕೊಳವೆಯ ತಳದಲ್ಲಿ ಏನೂ ಇಲ್ಲ. ಎಲ್ಲ ಸತ್ತು ಚೂರಾದವು ಎಂದುಕೊಂಡು ಮೂರು ಬ್ಯಾಚ್ ಚೆಲ್ಲಿದೆ. ನಾಲ್ಕನೆಯ ಸಲ ಏಕೋ ಅನುಮಾನ ಬಂದು ಮೇಲಿನ ದ್ರವದ ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ದುಂಡಗೆ, ಹೊಳೆಯುತ್ತ, ಎಲ್ಲವೂ ಅಲ್ಲೇ ತೇಲುತ್ತಿದ್ದವು! ಆಗ ಶೇ. 20 ಡೆಕ್ಸ್‌ಟ್ರಾನ್ ಬಳಸುತ್ತಿದ್ದೆ. ಅಷ್ಟು ದಪ್ಪ ದ್ರಾವಣದಲ್ಲಿ ಕೋಶಗಳು ತಳಕ್ಕೆ ಇಳಿಯಲೇ ಇಲ್ಲ. ಈಗ ಶೇ. 7–8ಕ್ಕೆ ಇಳಿಸಿದ್ದೇನೆ, ತಿರುಗಿಸುವ ಮೊದಲು ಹತ್ತು ಪಟ್ಟು ಮೀಡಿಯಂ (ಕೋಶ ಬೆಳೆಸುವ ಪೋಷಕ ದ್ರವ) ನಿಧಾನವಾಗಿ ಬೆರೆಸುತ್ತೇನೆ.

ಮಧ್ಯೆ ಡೆಕ್ಸ್‌ಟ್ರಾನ್ ಬದಲಿಗೆ ಬೇರೆ ಪಾಲಿಮರ್ ಹುಡುಕುತ್ತ ಇನ್ಯುಲಿನ್ (ಸಸ್ಯಗಳ ಬೇರಿನಲ್ಲಿರುವ ನಾರು) ಹಿಂದೆಯೂ ಓಡಿದ್ದೆ. ಬಿಸಿಯಲ್ಲಿ ಚೆನ್ನಾಗಿ ಕರಗುತ್ತದೆ, ಫ್ರಿಜ್‌ನಲ್ಲಿಟ್ಟರೆ ಬೆಳಗಾಗುವುದರೊಳಗೆ ಬಾಟಲಿಯ ತಳದಲ್ಲಿ ಬಿಳಿ ಪದರ. ಗ್ವಾರ್ ಗಮ್ ಪಿಪೆಟ್‌ಗೇ ಏರಲಿಲ್ಲ. ಹಯಾಲುರೋನಿಕ್ ಆಮ್ಲ ಪರವಾಗಿಲ್ಲ ಅನ್ನಿಸಿತು, ಆದರೆ ಅದರ ಬೆಲೆಗೆ ನನ್ನ ಕೈ ನಿಲುಕದು.

ನಿಜವಾದ ತಿರುವು ಬಂದದ್ದು ದ್ರಾವಣದಲ್ಲಿ ಮಂಜುಗಡ್ಡೆಯ ಮೊದಲ ಹರಳನ್ನು ನಾನೇ ಹುಟ್ಟಿಸಿದಾಗ. ನಿಮಿಷಕ್ಕೆ ಒಂದು ಡಿಗ್ರಿಯಂತೆ ಇಳಿಸುತ್ತ −6 ಡಿಗ್ರಿಯ ಹತ್ತಿರ ನಿಲ್ಲಿಸಿ, ದ್ರವ ಸಾರಜನಕದಲ್ಲಿ ಅದ್ದಿದ ಚಿಮುಟದ ತುದಿಯನ್ನು ವಯಲ್‌ನ ಹೊರಮೈಗೆ ಮುಟ್ಟಿಸುತ್ತೇನೆ. ಮುಟ್ಟಿದಲ್ಲಿ ಒಂದು ಬಿಳಿ ಚುಕ್ಕೆ ಮೂಡಿ, ನೋಡನೋಡುತ್ತಲೇ ಒಳಗೆಲ್ಲ ಹಬ್ಬುತ್ತದೆ. ಇದೊಂದರಿಂದಲೇ ಮರುದಿನದ ಎಣಿಕೆ ಐವತ್ತೈದರಿಂದ ಎಪ್ಪತ್ತು ದಾಟಿತು. ಉಳಿದ ಹತ್ತು ಬಂದದ್ದು ಹೆಪ್ಪುಗಟ್ಟಿಸುವ ಮುನ್ನ ಕೋಶಗಳಿಗೆ ಕೊಡುವ ವಿಶ್ರಾಂತಿಯಿಂದ. ಯಾವುದರಲ್ಲಿ, ಎಷ್ಟು ಹೊತ್ತು ಎಂಬುದು ಸದ್ಯಕ್ಕೆ ನನ್ನಲ್ಲೇ ಇರಲಿ.

ಟಿ ಕೋಶಗಳು (ರೋಗನಿರೋಧಕ ಬಿಳಿ ರಕ್ತಕಣಗಳು) ಮಾತ್ರ ಇನ್ನೂ ಮಣಿದಿಲ್ಲ. ಶೇ. 3 ಡಿಎಂಎಸ್‌ಒ ಸಾಲಲಿಲ್ಲ, ಈಗ 5ಕ್ಕೆ ಏರಿಸಿದ್ದೇನೆ. ಇವತ್ತು ಮಧ್ಯಾಹ್ನ ಕರಗಿಸಿದೆ, ನೋಡಲು ಚೆನ್ನಾಗಿಯೇ ಇವೆ. ಎಣಿಕೆ ನಾಳೆ ಮಧ್ಯಾಹ್ನ.