ಡಯಾಲಿಸಿಸ್‌ನವರ ಬಿಪಿ: ಮಾತ್ರೆಗಿಂತ ಮೊದಲು ತೂಕ

ನಾನು ಡಯಾಲಿಸಿಸ್ ಟೆಕ್ನಿಷಿಯನ್. ಬಿಪಿ 180 ತೋರಿಸ್ತಿದೆ ಅಂತ ಯಾರಾದರೂ ಗಾಬರಿಯಿಂದ ಬಂದರೆ, ಮಾತ್ರೆ ಚೀಟಿಗಿಂತ ಮೊದಲು ತೂಕ ನೋಡುತ್ತೇನೆ. ಚಪ್ಪಲಿ, ಸ್ವೆಟರ್, ಜೇಬಿನ ಮೊಬೈಲು ಎಲ್ಲ ತೆಗೆಸಿ. ಕಿಡ್ನಿ ಕೈಕೊಟ್ಟ ಮೇಲೆ ಮೂತ್ರ ಹೋಗುವುದು ಕಮ್ಮಿ. ಮೈಯಲ್ಲಿ ಒಂದು ಲೀಟರ್ ನಿಂತರೆ ಒಂದು ಕೆಜಿ ಏರುತ್ತದೆ. ಇವರಲ್ಲಿ ಹೆಚ್ಚಿನವರ ಬಿಪಿ ಏರುವುದು ಹೀಗೆ ನಿಂತ ನೀರಿನಿಂದಲೇ.

ನಮ್ಮಲ್ಲಿಗೆ ಬರುವ ಹಿರಿಯರೊಬ್ಬರು ಮೂರು ಥರದ ಬಿಪಿ ಮಾತ್ರೆ ತಗೊಳ್ತಿದ್ದರು. ಆದರೂ ಬಿಪಿ ಜಗ್ಗುತ್ತಿರಲಿಲ್ಲ. 'ನೀರು ಮುಟ್ಟೋದೇ ಇಲ್ಲಪ್ಪ, ತೂಕ ಹೆಂಗೆ ಏರುತ್ತೋ' ಅನ್ನೋರು. 'ಸಾರಿಗೆ ಉಪ್ಪು ಕಮ್ಮಿನೇ ಹಾಕ್ತೀನಿ' ಅಂತ ಅವರ ಮನೆಯವರ ಸಾಕ್ಷಿ ಬೇರೆ. ಒಂದು ದಿನ ಊಟದ ಡಬ್ಬಿ ತೆಗೆದರು. ಮೊಸರನ್ನ, ಮಿಡಿ ಉಪ್ಪಿನಕಾಯಿ, ಪಕ್ಕದಲ್ಲಿ ಕರಿದ ಬಾಳಕದ ಮೆಣಸಿನಕಾಯಿ! ಸಾರಿನಲ್ಲಿ ಉಳಿಸಿದ ಉಪ್ಪೆಲ್ಲ ಇಲ್ಲಿ ಕೂತಿತ್ತು. ಸುಮಾರು ಎಂಟೊಂಬತ್ತು ಗ್ರಾಂ ಉಪ್ಪು ಒಳಗೆ ಹೋದರೆ ಒಂದು ಲೀಟರ್ ನೀರನ್ನು ಹಿಡಿದಿಡುತ್ತದೆ. ಬಾಯಾರಿಕೆ ತಾನಾಗಿ ಬರುತ್ತದೆ. ಉಪ್ಪು ತಿನ್ನಿಸಿ 'ನೀರು ಕುಡೀಬೇಡಿ' ಅಂತ ಬೈದರೆ ಏನು ಬಂತು, ಅಲ್ವಾ? ಗಂಜಿ, ಮಜ್ಜಿಗೆ, ಸಾರು ಕೂಡ ನೀರಿನ ಲೆಕ್ಕಕ್ಕೇ ಸೇರುತ್ತವೆ ಅನ್ನುವುದನ್ನೂ ಅವರಿಗೆ ಯಾರೂ ಹೇಳಿರಲಿಲ್ಲ.

ಉಪ್ಪಿನಕಾಯಿ ಬಿಡಿಸಿದೆವು. ಡಾಕ್ಟರ್ ಹೇಳಿದಂತೆ ಡ್ರೈ ವೇಟನ್ನು, ಅಂದರೆ ಹೆಚ್ಚಿನ ನೀರೆಲ್ಲ ಹೋದ ಮೇಲೆ ಇರಬೇಕಾದ ತೂಕವನ್ನು, ಇನ್ನೂರು ಮುನ್ನೂರು ಗ್ರಾಂನಂತೆ ಇಳಿಸುತ್ತಾ ಬಂದೆವು. ಅವಸರ ಮಾಡುವ ಹಾಗಿಲ್ಲ. ನಾಲ್ಕು ಗಂಟೆಯ ಡಯಾಲಿಸಿಸ್‌ನಲ್ಲಿ ನಾಲ್ಕು ಲೀಟರ್ ನೀರು ಎಳೆಯಲು ಹೋದರೆ ಬಿಪಿ ದಿಢೀರನೆ ಬೀಳುತ್ತದೆ, ಮೀನಖಂಡ ಹಿಡಿದುಕೊಳ್ಳುತ್ತದೆ. ಆಗ ಸಲೈನ್, ಅಂದರೆ ಉಪ್ಪುನೀರು, ಕೊಡಬೇಕು. ತೆಗೆದ ನೀರು, ಉಪ್ಪು ಎರಡೂ ವಾಪಸ್! ತೂಕ ಇಳಿದ ಕೂಡಲೇ ಬಿಪಿ ಇಳಿಯಲಿಲ್ಲ. ಕೆಲವು ವಾರ ಕಾಯಬೇಕಾಯಿತು. ಅಷ್ಟರಲ್ಲೇ ಮನೆಯವರಿಗೆ ನಂಬಿಕೆ ಹೋಗುತ್ತಿತ್ತು. ಆಮೇಲೆ ಡಾಕ್ಟರೇ ಒಂದು ಮಾತ್ರೆ ನಿಲ್ಲಿಸಿದರು. ಎಲ್ಲರಿಗೂ ಹೀಗೇ ಆಗುತ್ತದೆ ಅಂತಲ್ಲ. ರಕ್ತ ಹೆಚ್ಚಿಸಲು ಕೊಡುವ ಎರಿತ್ರೋಪೊಯೆಟಿನ್ ಇಂಜೆಕ್ಷನ್‌ನಿಂದಲೂ ಕೆಲವರ ಬಿಪಿ ಏರುತ್ತದೆ.

ಅಂಗಡಿಯಲ್ಲಿ ಸಿಗುವ 'ಕಡಿಮೆ ಸೋಡಿಯಂ' ಉಪ್ಪು ಮಾತ್ರ ಡಯಾಲಿಸಿಸ್‌ನವರಿಗೆ ಬೇಡ. ಸೋಡಿಯಂ ಬದಲು ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಅದು ರಕ್ತದಲ್ಲಿ ಏರಿದರೆ ಹೃದಯವೇ ನಿಲ್ಲಬಹುದು.

ಟ್ರಾನ್ಸ್‌ಪ್ಲಾಂಟ್ ಆದವರ ಕಥೆ ಬೇರೆ. ಹೊಸ ಕಿಡ್ನಿ ಕಾಯುವ ಟ್ಯಾಕ್ರೊಲಿಮಸ್, ಪ್ರೆಡ್ನಿಸೊಲೋನ್ ಮಾತ್ರೆಗಳೇ ಬಿಪಿ ಏರಿಸುತ್ತವೆ. ಹಾಗಂತ ಅವನ್ನು ಬಿಟ್ಟರೆ ಕಿಡ್ನಿಯೇ ಹೋದೀತು. ಊರಿನ ಕ್ಲಿನಿಕ್ಕಿನಲ್ಲಿ ಬಿಪಿಗೆ ಅಂತ ಡಿಲ್ಟಿಯಜೆಮ್ ಬರೆಸಿಕೊಂಡು ಬಂದರೆ ರಕ್ತದಲ್ಲಿ ಟ್ಯಾಕ್ರೊಲಿಮಸ್ ಮಟ್ಟ ಏರಿಬಿಡುತ್ತದೆ. ಅದಕ್ಕೇ ಯಾವ ಹೊಸ ಮಾತ್ರೆಯಾದರೂ ಟ್ರಾನ್ಸ್‌ಪ್ಲಾಂಟ್ ಡಾಕ್ಟರಿಗೆ ಒಂದು ಫೋನ್ ಮಾಡಿಯೇ ಶುರು ಮಾಡಿ ಅನ್ನುತ್ತೇನೆ. ಮನೆಯಲ್ಲಿ ಬೆಳಿಗ್ಗೆ, ರಾತ್ರಿ ಬಿಪಿ ನೋಡಿ ಬರೆದಿಡಿ. ಫಿಸ್ಟುಲಾ, ಅಂದರೆ ಡಯಾಲಿಸಿಸ್ ಸೂಜಿಗಾಗಿ ಜೋಡಿಸಿದ ರಕ್ತನಾಳ, ಇರುವ ಕೈಗೆ ಮಾತ್ರ ಬಿಪಿ ಪಟ್ಟಿ ಕಟ್ಟಬೇಡಿ.