ಅಜ್ಜನೂ ಮೊಮ್ಮಗನೂ ಜಿದ್ದಿಗೆ ಬಿದ್ದು ಆಡೋ ಪಿನ್‌ಬಾಲ್ ಹಲಗೆ ಮನೇಲೇ ಮಾಡೋದು

ಪಿನ್‌ಬಾಲ್, ಅಂದ್ರೆ ಇಳಿಜಾರು ಹಲಗೆ ಮೇಲೆ ಗುಂಡು ಚಿಮ್ಮಿಸಿ ಆಡೋ ಆಟ, ಅಂದ ತಕ್ಷಣ ದಾವಣಗೆರೇಲಿ ನನ್ನ ವಾರಗೆಯೋರಿಗೆ ನೆನಪಾಗೋದು ಸೈಬರ್ ಕೆಫೆಯ ವಿಂಡೋಸ್ ಎಕ್ಸ್‌ಪಿ ಗೇಮು, ಆದ್ರೆ ನಿಜವಾದ ಹಳೇ ಮಷಿನ್‌ನಲ್ಲಿ ಓಡೋದು ಸುಮಾರು 80 ಗ್ರಾಂ ತೂಕದ ಉಕ್ಕಿನ ಗುಂಡು, ಅದು ಬಡಿಯೋದು ಕೈಗೇ ಗೊತ್ತಾಗುತ್ತೆ, ಅದಕ್ಕೇ ಮೊಬೈಲ್ ಹಿಡ್ಕೊಂಡೇ ಬೆಳೆದ ಹುಡುಗ್ರೂ ಅದರ ಮುಂದೆ ನಿಂತುಬಿಡ್ತಾರೆ. ಮಷಿನ್ ತರ್ಸೋದು ದುಬಾರಿ, ಹಲಗೆ ಮಾಡ್ಕೊಳ್ರಿ.

2 ಅಡಿ ಉದ್ದ 1 ಅಡಿ ಅಗಲದ ಪ್ಲೈವುಡ್, ಸುತ್ತ ಮರದ ಪಟ್ಟಿ, ಒಂದಿಂಚಿನ ಮೊಳೆ, ಗೋಲಿ, ರಬ್ಬರ್ ಬ್ಯಾಂಡ್ ಸಾಕು. ಮೊಳೆ ಮಧ್ಯೆ ಗೋಲಿ ಸಲೀಸಾಗಿ ನುಸುಳಬೇಕು. ಬಲಗಡೆ ಉದ್ದಕ್ಕೂ ಒಂದು ಓಣಿ ಬಿಟ್ಟು, ರಬ್ಬರ್ ಬ್ಯಾಂಡ್ ಕಟ್ಟಿದ ಕಡ್ಡಿ ಎಳೆದು ಬಿಟ್ರೆ ಗೋಲಿ ಮೇಲಕ್ಕೆ ಚಿಮ್ಮಬೇಕು.

ಮೊದಲು ಇಷ್ಟರಲ್ಲೇ ಆಡ್ರಿ. ಕೆಳಗೆ ಬರೋ ಗುಂಡನ್ನ ವಾಪಸ್ ಮೇಲಕ್ಕೆ ಹೊಡೆಯೋ ಪುಟ್ಟ ತೋಳು, ಅಂದ್ರೆ ಫ್ಲಿಪ್ಪರ್, ಬಂದಿದ್ದೇ 1947ರಲ್ಲಿ, ಗಾಟ್ಲೀಬ್ ಕಂಪನಿಯ ಹಂಪ್ಟಿ ಡಂಪ್ಟಿ ಮಷಿನ್‌ಗೆ, ಅಲ್ಲೀತನಕ ಗುಂಡು ಬಿಟ್ಟ ಮೇಲೆ ಮಷಿನ್ ತಳ್ಳೋದು ಬಿಟ್ರೆ ಬೇರೆ ದಾರಿ ಇರ್ಲಿಲ್ಲ. ಗೋಲಿ ಆಡಿ ಬೆಳೆದ ಅಜ್ಜಂದಿರು ಇಲ್ಲೇ ಗೆಲ್ತಾರೆ, ನೋಡ್ತಿರಿ. ಎಲ್ಲಿಗೆ ಬೀಳ್ಸ್ತೀನಿ ಅಂತ ಮೊದಲೇ ಹೇಳಿ ಹೊಡೆದ್ರೆ ಡಬಲ್ ಪಾಯಿಂಟ್ ಕೊಡ್ರಿ, 1976ರಲ್ಲಿ ಪಿನ್‌ಬಾಲ್ ಆಟಗಾರ ರೋಜರ್ ಶಾರ್ಪ್ ನ್ಯೂಯಾರ್ಕ್‌ನಲ್ಲಿ ಹಿಂಗೇ ಹೇಳಿ ಹೊಡೆದು ಇದು ಜೂಜಲ್ಲ, ಕೈಚಳಕ ಅಂತ ತೋರಿಸಿದ್ರು, ಅಲ್ಲಿ ಪಿನ್‌ಬಾಲ್ ಮೇಲೆ 1942ರಿಂದ ಇದ್ದ ನಿಷೇಧ ಹೋಯ್ತು.

ಆಮೇಲೆ ಫ್ಲಿಪ್ಪರ್. ನಾಲ್ಕಿಂಚಿನ ಎರಡು ಮರದ ತುಂಡು, ಸ್ಕ್ರೂ ಸಡಿಲ ಇರ್ಲಿ, ತುಂಡಿನ ಹೊರತುದಿ, ಅಂದ್ರೆ ಬಾಲ, ಪಕ್ಕದ ಪಟ್ಟಿಯ ಸೀಳಿಂದ ಹೊರಗೆ ಬರ್ಲಿ. ಬಾಲ ನಿಮ್ಮ ಕಡೆ ಎಳೆದ್ರೆ ತುದಿ ಮೇಲೇಳುತ್ತೆ, ಬಿಟ್ರೆ ರಬ್ಬರ್ ಬ್ಯಾಂಡ್ ವಾಪಸ್ ಇಳಿಸುತ್ತೆ. ಮಕ್ಕಳು ಎರಡನ್ನೂ ಒಟ್ಟಿಗೆ ಪಟಪಟ ಬಡೀತಾರೆ, ಅದನ್ನ ಬಿಡಿಸ್ರಿ. ಒಂದನ್ನೇ ಎತ್ತಿ ಹಿಡಿದು ಗೋಲಿ ನಿಲ್ಲಿಸಿ, ಇಳಿಸಿ, ತುದಿಗೆ ಉರುಳಿ ಬಂದಾಗ ಹೊಡೀಬೇಕು.

ಇಳಿಜಾರು ಮುಖ್ಯ ಕಣ್ರೀ. ಹಿಂದಿನ ತುದಿ ಒಂದೂವರೆ ಇಂಚು ಎತ್ತಿದ್ರೆ 3.5 ಡಿಗ್ರಿ, ಹಳೇ ಮಷಿನ್‌ಗಳ ನಿಧಾನ ಓಟ. ಎರಡೂಮುಕ್ಕಾಲು ಇಂಚಿಗೆ 6.5 ಡಿಗ್ರಿ, ಈಗಿನ ಮಷಿನ್ ವೇಗ.

ಹಲಗೆ ಮೆಲ್ಲಗೆ ತಳ್ಳೋದೂ ಆಟಾನೇ, ಜಾಸ್ತಿ ಆದ್ರೆ ಟಿಲ್ಟ್. ಮಷಿನ್ ಒಳಗೆ ಲೋಹದ ಉಂಗುರದಲ್ಲಿ ಒಂದು ತೂಕ ನೇತಾಡ್ತಿರುತ್ತೆ, ಅದು ಉಂಗುರಕ್ಕೆ ತಗುಲಿದ್ರೆ ಆಡ್ತಿರೋ ಗುಂಡು ಹೋದಂಗೇ. ಮನೇಲಿ ಹಲಗೆಗೆ ಒಂದು ಹಿತ್ತಾಳೆ ಬಳೆ ಕಟ್ಟಿ, ಅದರೊಳಗೆ ದಾರದಲ್ಲಿ ನಟ್ ಇಳಿಬಿಡ್ರಿ. ಟಣ್ ಅಂದ್ರೆ ಔಟ್, ಅಜ್ಜ ಆದ್ರೂ ಅಷ್ಟೇ.

ನಮ್ಮೂರ ಏಪ್ರಿಲ್ ಬಿಸಿಲಿಗೆ ರಬ್ಬರ್ ಬ್ಯಾಂಡ್ ಬೇಗ ಒಣಗಿ ಕಿತ್ತೋಗುತ್ತೆ, ಒಂದು ಪ್ಯಾಕೆಟ್ ಹೆಚ್ಚಿಗೇ ತಂದಿಟ್ಕೊಳ್ರಿ.