ಖಿನ್ನತೆ, ಆತಂಕದ ಜೊತೆ ಬಿಡದ ಚಡಪಡಿಕೆ: ಔಷಧದ ದಾರಿ ಹಿಡಿಯುವುದು ಹೇಗೆ?

ಖಿನ್ನತೆ ಎಂದೊಡನೆ ಮಂಕಾಗಿ ಮೂಲೆ ಹಿಡಿದು ಕುಳಿತವರೇ ಹೆಚ್ಚಿನವರ ಕಣ್ಣಮುಂದೆ ಬರುತ್ತಾರೆ. ಆದರೆ ಕೂರಲೂ ಆಗದೆ, ಮಲಗಲೂ ಆಗದೆ, ಮನೆಯೊಳಗೇ ಅತ್ತಿಂದಿತ್ತ ಓಡಾಡುತ್ತ, ಕೈ ಹಿಸುಕಿಕೊಳ್ಳುತ್ತ, ಸಣ್ಣ ಮಾತಿಗೂ ಸಿಡುಕುತ್ತ ದಿನ ತಳ್ಳುವ ಖಿನ್ನತೆಯೂ ಇದೆ. ಅದಕ್ಕೆ ಆತಂಕವೂ ಜೊತೆಯಾದರೆ ಎದೆ ಡವಗುಟ್ಟುತ್ತದೆ, ಬೆಳಗಿನ ಜಾವವೇ ಎಚ್ಚರವಾಗಿ ತಳಮಳ ಶುರುವಾಗುತ್ತದೆ. ಇಂಥ ಚಡಪಡಿಕೆ ವಾರಗಟ್ಟಲೆ ಬಿಡದಿದ್ದಾಗ ಇನ್ನೊಂದು ಮಾತ್ರೆ ಸೇರಿಸಿಕೊಡಿ ಎಂದು ವೈದ್ಯರನ್ನು ಕೇಳುವುದು ಸಹಜ. ಅದಕ್ಕೂ ಮೊದಲು ಅದು ಎಲ್ಲಿಂದ ಬಂದಿದೆ ಎಂದು ಪತ್ತೆ ಮಾಡುವುದೇ ಚಿಕಿತ್ಸೆಯ ಅರ್ಧ ಭಾಗ, ಏಕೆಂದರೆ ಒಂದು ಕಾರಣಕ್ಕೆ ಪರಿಹಾರವಾಗುವ ಔಷಧವೇ ಮತ್ತೊಂದು ಕಾರಣದ ಚಡಪಡಿಕೆಯನ್ನು ಉಲ್ಬಣಗೊಳಿಸಬಲ್ಲದು. ಔಷಧವನ್ನೂ ಅದರ ಪ್ರಮಾಣವನ್ನೂ ತೀರ್ಮಾನಿಸಬೇಕಾದವರು ವೈದ್ಯರು. ಆ ತೀರ್ಮಾನ ಸರಿಯಾಗಿ ಆಗುವಂತೆ ರೋಗಿ ಮತ್ತು ಮನೆಯವರು ಮಾಡಬಹುದಾದದ್ದು ಬಹಳಷ್ಟಿದೆ.

ಮೊದಲು ದಿನಾಂಕಗಳನ್ನು ಬರೆದುಕೊಳ್ಳಿ

ಒಂದು ಹಾಳೆಯಲ್ಲಿ ಚಡಪಡಿಕೆ ಶುರುವಾದ ದಿನ, ಪ್ರತಿ ಮಾತ್ರೆ ಶುರುವಾದ ದಿನ, ಡೋಸ್ ಹೆಚ್ಚಿಸಿದ ಅಥವಾ ಇಳಿಸಿದ ದಿನ, ಇವಿಷ್ಟನ್ನು ಬರೆಯಿರಿ. ಮಾತ್ರೆಯ ಸ್ಟ್ರಿಪ್‌ಗಳನ್ನು ಎಸೆಯದೆ ಜೊತೆಗೆ ಒಯ್ಯಿರಿ. ಮನಸ್ಸಿನ ಕಾಯಿಲೆಗೆ ಕೊಟ್ಟ ಔಷಧಗಳಷ್ಟೇ ಅಲ್ಲ, ಉಬ್ಬಸಕ್ಕೆ ಬಳಸುವ ಸಾಲ್ಬುಟಮಾಲ್ ಇನ್ಹೇಲರ್, ಸ್ಟೀರಾಯ್ಡ್ ಮಾತ್ರೆಗಳು, ಮೂಗು ಕಟ್ಟಿದಾಗ ನುಂಗುವ ಶೀತದ ಮಾತ್ರೆಗಳು, ವಾಂತಿ ನಿಲ್ಲಲು ಕೊಡುವ ಮೆಟೊಕ್ಲೊಪ್ರಮೈಡ್ ಕೂಡ ಎದೆಬಡಿತವನ್ನೋ ಚಡಪಡಿಕೆಯನ್ನೋ ತರಬಲ್ಲವು. ದಿನಕ್ಕೆ ಎಷ್ಟು ಲೋಟ ಕಾಫಿ, ಎಷ್ಟು ಸಿಗರೇಟು, ವಾರಕ್ಕೆ ಎಷ್ಟು ಮದ್ಯ ಎಂಬುದನ್ನೂ ಮುಚ್ಚಿಡದೆ ಬರೆಯಬೇಕು. ರಾತ್ರಿ ಕುಡಿದು ಬೆಳಿಗ್ಗೆ ಕೈ ನಡುಗುವವರ ಚಡಪಡಿಕೆ ಬಹುಪಾಲು ಮದ್ಯ ಇಳಿಯುವಾಗಿನದು, ಅದಕ್ಕೆ ಚಿಕಿತ್ಸೆಯೇ ಬೇರೆ. ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡಿದರೂ ಇವೇ ಲಕ್ಷಣಗಳು ಕಾಣುವುದರಿಂದ ಟಿಎಸ್‌ಎಚ್ ಪರೀಕ್ಷೆ ಆಗಿದೆಯೇ ಎಂದು ಕೇಳಿ. ಹಿಮೋಗ್ಲೋಬಿನ್ ಮತ್ತು ಶುಗರ್ ಪರೀಕ್ಷೆಗಳೂ ಅದರ ಜೊತೆಗೇ ಮುಗಿಯುತ್ತವೆ.

ಕಾಯಿಲೆಯೋ, ಮಾತ್ರೆಯೋ, ಬೈಪೋಲಾರೋ?

ಈ ಹಾಳೆಯಿಂದ ಮೂರು ಸಂಗತಿಗಳು ತಿಳಿಯಬೇಕು. ಮಾತ್ರೆ ಶುರುವಾಗುವ ಮುಂಚೆಯೇ ಚಡಪಡಿಕೆ ಇದ್ದು, ಖಿನ್ನತೆಯ ಜೊತೆಗೇ ಏರಿಳಿಯುತ್ತಿದ್ದರೆ ಅದು ಕಾಯಿಲೆಯ ಭಾಗವಾಗಿರುವ ಸಂಭವ ಹೆಚ್ಚು. ಆಗ ಖಿನ್ನತೆಗೆ ಸರಿಯಾದ ಡೋಸ್‌ನಲ್ಲಿ, ಸಾಕಷ್ಟು ಕಾಲ ಚಿಕಿತ್ಸೆ ಸಿಕ್ಕಿದೆಯೇ ಎಂದು ನೋಡಬೇಕು.

ಮಾತ್ರೆ ಶುರುವಾದ ಅಥವಾ ಡೋಸ್ ಹೆಚ್ಚಿದ ಕೆಲವೇ ದಿನಗಳಲ್ಲಿ ಕಾಣಿಸಿಕೊಂಡಿದ್ದರೆ ಮಾತ್ರೆಯನ್ನೇ ಸಂಶಯಿಸಬೇಕಾಗುತ್ತದೆ. ಖಿನ್ನತೆಗೆ ಕೊಡುವ ಎಸ್ಸಿಟಾಲೊಪ್ರಾಮ್, ಸರ್ಟ್ರಲಿನ್, ಫ್ಲುಯೊಕ್ಸೆಟಿನ್‌ನಂಥ ಎಸ್‌ಎಸ್‌ಆರ್‌ಐ ಗುಂಪಿನ ಔಷಧಗಳು ಮೊದಲ ಒಂದೆರಡು ವಾರ ಕೆಲವರಲ್ಲಿ ಆತಂಕವನ್ನು ಹೆಚ್ಚಿಸಿ ಆಮೇಲೆ ತಗ್ಗಿಸುತ್ತವೆ. ಇನ್ನೊಂದು ತೊಂದರೆಗೆ ವೈದ್ಯರು ಅಕಥಿಸಿಯಾ ಎನ್ನುತ್ತಾರೆ: ಕಾಲುಗಳೊಳಗೆ ಏನೋ ಕಿತ್ತುಕೊಂಡು ಬರುವಂತಾಗಿ ನಿಂತಲ್ಲಿ ನಿಲ್ಲಲಾಗದ, ನಡೆದಾಗ ಮಾತ್ರ ತುಸು ಹಗುರವಾಗುವ ಹಿಂಸೆ ಅದು. ಅರಿಪಿಪ್ರಜೋಲ್, ಹ್ಯಾಲೊಪೆರಿಡಾಲ್‌ನಂಥ ಆಂಟಿಸೈಕೋಟಿಕ್ (ಭ್ರಮೆಯಂಥ ತೀವ್ರ ಮನೋರೋಗಕ್ಕೆ ಕೊಡುವ) ಔಷಧಗಳಲ್ಲಿ ಇದು ಹೆಚ್ಚು, ಎಸ್‌ಎಸ್‌ಆರ್‌ಐಗಳಲ್ಲೂ ಅಪರೂಪಕ್ಕೆ ಕಾಣುತ್ತದೆ. ಇದನ್ನು ಕಾಯಿಲೆಯೇ ಉಲ್ಬಣಿಸಿದೆ ಎಂದು ತಪ್ಪಾಗಿ ತಿಳಿದು ಅದೇ ಔಷಧದ ಡೋಸ್ ಏರಿಸಿದರೆ ರೋಗಿಯ ಸಂಕಟ ಇಮ್ಮಡಿಯಾಗುತ್ತದೆ. ಡೋಸ್ ಇಳಿಸುವುದು, ಔಷಧ ಬದಲಿಸುವುದು ಅಥವಾ ಪ್ರೊಪ್ರನಲಾಲ್ ಸೇರಿಸುವುದು ಇದಕ್ಕಿರುವ ದಾರಿಗಳು. ಹಾಗಾಗಿ ‘ಒಳಗೊಳಗೇ ಏನೋ ಆಗುತ್ತದೆ’ ಎನ್ನುವ ಬದಲು ‘ಕಾಲು ಆಡಿಸದೆ ಕೂರಲಾಗುತ್ತಿಲ್ಲ’ ಎಂದು ಸ್ಪಷ್ಟವಾಗಿ ಹೇಳುವುದರಿಂದ ವೈದ್ಯರಿಗೆ ದೊಡ್ಡ ಸುಳಿವು ಸಿಗುತ್ತದೆ.

ಮೂರನೆಯದು, ಖಿನ್ನತೆಯೂ ಅತಿ ಉತ್ಸಾಹವೂ ಸರದಿಯಂತೆ ಬರುವ ಬೈಪೋಲಾರ್ ಕಾಯಿಲೆಯಲ್ಲಿ ಎರಡೂ ಒಟ್ಟಿಗೇ ಕಾಣುವ ಮಿಶ್ರ ಸ್ಥಿತಿ. ಖಿನ್ನತೆಯ ನಡುವೆಯೇ ಯೋಚನೆಗಳು ಓಡುವುದು, ಮಾತು ಹೆಚ್ಚುವುದು, ನಿದ್ದೆಯಿಲ್ಲದಿದ್ದರೂ ದಣಿವಾಗದಿರುವುದು ಇದರ ಲಕ್ಷಣಗಳು. ಹಿಂದೆಂದಾದರೂ ದಿನಗಟ್ಟಲೆ ಅತಿ ಉತ್ಸಾಹದಲ್ಲಿದ್ದು ಮೈಮೇಲೆ ಎಚ್ಚರವಿಲ್ಲದೆ ಹಣ ಖರ್ಚು ಮಾಡಿದ್ದುಂಟೇ, ರಕ್ತಸಂಬಂಧಿಗಳಲ್ಲಿ ಯಾರಿಗಾದರೂ ಈ ಕಾಯಿಲೆ ಇದೆಯೇ ಎಂಬ ಪ್ರಶ್ನೆಗೆ ಮನೆಯವರೇ ಹೆಚ್ಚು ನಿಖರವಾಗಿ ಉತ್ತರಿಸಬಲ್ಲರು. ಇಂಥವರಿಗೆ ಖಿನ್ನತೆಯ ಮಾತ್ರೆಯೊಂದನ್ನೇ ಕೊಟ್ಟರೆ ಕಾಯಿಲೆ ಕೆರಳುವ ಅಪಾಯವಿರುವುದರಿಂದ ಲಿಥಿಯಂ, ವಾಲ್‌ಪ್ರೊಯೇಟ್ ಅಥವಾ ಕ್ವೆಟಿಯಾಪಿನ್‌ನಂಥ ಔಷಧಗಳ ಕಡೆ ವೈದ್ಯರು ಹೊರಳುತ್ತಾರೆ. ಗರ್ಭ ಧರಿಸುವ ವಯಸ್ಸಿನ ಮಹಿಳೆಯರು ವಾಲ್‌ಪ್ರೊಯೇಟ್ ಬಗ್ಗೆ ಕೇಳಿ ತಿಳಿಯಲೇಬೇಕು, ಅದರಿಂದ ಹುಟ್ಟುವ ಮಗುವಿಗೆ ಗಂಭೀರ ಹಾನಿಯಾಗಬಹುದು.

ಮುಖ್ಯ ಔಷಧ ಯಾವುದು?

ಖಿನ್ನತೆ ಮತ್ತು ಆತಂಕ ಎರಡಕ್ಕೂ ಕೆಲಸ ಮಾಡುವ ಎಸ್‌ಎಸ್‌ಆರ್‌ಐ ಸಾಮಾನ್ಯವಾಗಿ ಮೊದಲ ಆಯ್ಕೆ. ಚಡಪಡಿಕೆ ಇರುವವರಿಗೆ ಮಾಮೂಲಿ ಆರಂಭದ ಡೋಸ್‌ನ ಅರ್ಧದಿಂದ, ಅಂದರೆ ಎಸ್ಸಿಟಾಲೊಪ್ರಾಮ್ ಆದರೆ 5 ಮಿಲಿಗ್ರಾಂ, ಸರ್ಟ್ರಲಿನ್ ಆದರೆ 25 ಮಿಲಿಗ್ರಾಂನಿಂದ ಶುರು ಮಾಡಿ ನಿಧಾನವಾಗಿ ಏರಿಸುವುದು ರೂಢಿ. ಫಲ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಸರಿಯಾದ ಡೋಸ್‌ನಲ್ಲಿ ಆರರಿಂದ ಎಂಟು ವಾರ ನೋಡದೆ ಔಷಧ ಕೆಲಸ ಮಾಡಲಿಲ್ಲ ಎನ್ನಲಾಗದು. ಅಮೆರಿಕದಲ್ಲಿ ನಡೆದು 2006ರಲ್ಲಿ ಫಲಿತಾಂಶ ಪ್ರಕಟವಾದ ಸ್ಟಾರ್-ಡಿ ಎಂಬ ದೊಡ್ಡ ಅಧ್ಯಯನದಲ್ಲಿ ಮೊದಲ ಔಷಧದಿಂದಲೇ ಪೂರ್ತಿ ಚೇತರಿಸಿಕೊಂಡವರು ಸುಮಾರು ಮೂರರಲ್ಲಿ ಒಂದು ಪಾಲು ಮಾತ್ರ, ಆತಂಕವೂ ಬೆರೆತ ಖಿನ್ನತೆ ಇದ್ದವರಲ್ಲಿ ಆ ಪ್ರಮಾಣ ಇನ್ನೂ ಕಡಿಮೆ. ಎರಡನೆಯ ಔಷಧಕ್ಕೆ ಹೋಗಬೇಕಾಗಿ ಬಂದರೆ ಅದು ಸೋಲೇನಲ್ಲ ಎಂಬುದನ್ನು ಮನೆಮಂದಿ ಮೊದಲೇ ತಿಳಿದಿದ್ದರೆ ರೋಗಿಗೆ ಎಷ್ಟೋ ಧೈರ್ಯ ಬರುತ್ತದೆ.

ವೆನ್ಲಾಫ್ಯಾಕ್ಸಿನ್, ಡುಲೊಕ್ಸೆಟಿನ್ ಮುಂದಿನ ಸಾಲಿನವು. ವೆನ್ಲಾಫ್ಯಾಕ್ಸಿನ್ ತೆಗೆದುಕೊಳ್ಳುವವರು ಬಿ.ಪಿ. ನೋಡಿಸುತ್ತಿರಬೇಕು. ನಿದ್ದೆ ಬಾರದೆ, ಊಟ ಸೇರದೆ, ತೂಕ ಇಳಿದು ಚಡಪಡಿಸುವವರಿಗೆ ರಾತ್ರಿ ಮಲಗುವಾಗ ಕೊಡುವ ಮಿರ್ಟಜಪಿನ್ ಒಳ್ಳೆಯ ಆಯ್ಕೆ. ತೂಕ ಈಗಾಗಲೇ ಹೆಚ್ಚಿರುವವರಿಗೆ ಹಸಿವು, ತೂಕ ಹೆಚ್ಚಿಸುವ ಅದರ ಗುಣವೇ ತೊಡಕಾಗುತ್ತದೆ. ಅಮಿಟ್ರಿಪ್ಟಿಲಿನ್‌ನಂಥ ಹಳೆಯ ಔಷಧಗಳು ಪರಿಣಾಮಕಾರಿಯೇ ಆದರೂ ಮಿತಿ ಮೀರಿದರೆ ಹೃದಯಕ್ಕೆ ಅಪಾಯ ತರುವುದರಿಂದ ಸಾಯುವ ಯೋಚನೆ ಇರುವವರಿಗೆ ಕೊಡುವಾಗ ವೈದ್ಯರು ಹಿಂಜರಿಯುತ್ತಾರೆ.

ಮುಖ್ಯ ಔಷಧ ನೆಲೆಗೊಳ್ಳುವವರೆಗೆ ಆಸರೆ

ಕ್ಲೊನಜೆಪಾಮ್, ಲೊರಜೆಪಾಮ್, ಆಲ್ಪ್ರಜೊಲಾಮ್ ಒಂದು ಗಂಟೆಯೊಳಗೇ ತಳಮಳ ತಗ್ಗಿಸುತ್ತವೆ, ಆದ್ದರಿಂದಲೇ ಇವನ್ನು ಬಿಡುವುದು ಕಷ್ಟ. ಎರಡರಿಂದ ನಾಲ್ಕು ವಾರದ ಆಸರೆಯಾಗಿ ಇವು ನಿಜಕ್ಕೂ ಉಪಕಾರಿ. ತಿಂಗಳುಗಟ್ಟಲೆ ಮುಂದುವರಿದರೆ ಅವಲಂಬನೆ ಬೆಳೆದು, ಒಂದು ಡೋಸ್ ತಪ್ಪಿದಾಗ ಹುಟ್ಟುವ ಚಡಪಡಿಕೆಯೇ ಮತ್ತೆ ಮಾತ್ರೆ ಕೇಳುತ್ತದೆ. ನಮ್ಮಲ್ಲಿ ಎಸ್ಸಿಟಾಲೊಪ್ರಾಮ್ ಮತ್ತು ಕ್ಲೊನಜೆಪಾಮ್ ಎರಡನ್ನೂ ಸೇರಿಸಿದ ಒಂದೇ ಮಾತ್ರೆ ಧಾರಾಳವಾಗಿ ಮಾರಾಟವಾಗುತ್ತದೆ. ತಾವು ವರ್ಷಗಳಿಂದ ಕ್ಲೊನಜೆಪಾಮ್ ನುಂಗುತ್ತಿದ್ದೇವೆ ಎಂಬುದೇ ಅನೇಕರಿಗೆ ತಿಳಿದಿರುವುದಿಲ್ಲ. ಸ್ಟ್ರಿಪ್‌ನ ಹಿಂಬದಿ ಸಣ್ಣ ಅಕ್ಷರದಲ್ಲಿರುವ ಎರಡು ಹೆಸರುಗಳನ್ನು ಓದಿ, ಇದರಲ್ಲಿ ಕ್ಲೊನಜೆಪಾಮ್ ಎಷ್ಟು ದಿನ ಬೇಕು, ಯಾವಾಗ ಹೇಗೆ ಇಳಿಸುತ್ತೀರಿ ಎಂದು ಮೊದಲ ಭೇಟಿಯಲ್ಲೇ ಕೇಳುವುದು ರೋಗಿಯ ಹಕ್ಕು. ಇವನ್ನು ಮದ್ಯದ ಜೊತೆ ಎಂದೂ ತೆಗೆದುಕೊಳ್ಳಬಾರದು, ಉಸಿರಾಟವೇ ಕುಂಠಿತವಾಗಬಹುದು. ವಯಸ್ಸಾದವರಲ್ಲಿ ಇವು ಬೀಳುವ ಮತ್ತು ಗೊಂದಲವಾಗುವ ಅಪಾಯ ಹೆಚ್ಚಿಸುತ್ತವೆ.

ಅವಲಂಬನೆ ತರದ ಕೆಲವು ಔಷಧಗಳೂ ಇವೆ. ಎದೆಬಡಿತ, ಕೈನಡುಕವೇ ಮುಖ್ಯವಾದರೆ ಪ್ರೊಪ್ರನಲಾಲ್ ಸಾಕಾಗಬಹುದು, ಆದರೆ ಆಸ್ತಮಾ ಇರುವವರಿಗೆ ಅದು ಸಲ್ಲದು. ಬಸ್ಪಿರೋನ್ ನಿಧಾನವಾಗಿ, ವಾರಗಳ ಮೇಲೆ ಫಲ ಕೊಡುತ್ತದೆ. ಹೈಡ್ರಾಕ್ಸಿಜಿನ್ ಮಂಪರು ತರುವ ಅಲರ್ಜಿ ಔಷಧ.

ಎರಡು ಔಷಧಗಳನ್ನು ಸರಿಯಾಗಿ ಕೊಟ್ಟು ನೋಡಿದ ಮೇಲೂ ಚಡಪಡಿಕೆ ಉಳಿದರೆ ಕಡಿಮೆ ಡೋಸ್‌ನ ಕ್ವೆಟಿಯಾಪಿನ್ ಅಥವಾ ಒಲಾಂಜಪಿನ್ ಸೇರಿಸುವ ಪದ್ಧತಿ ಇದೆ. ಇವು ಬೇಗ ಶಾಂತಗೊಳಿಸುತ್ತವೆ, ಆದರೆ ತೂಕ, ಶುಗರ್, ಕೊಲೆಸ್ಟ್ರಾಲ್ ಏರಿಸುತ್ತವೆ. ಶುರುವಿನಲ್ಲಿ ಒಮ್ಮೆ, ಮೂರು ತಿಂಗಳಿಗೊಮ್ಮೆ ಪರೀಕ್ಷಿಸದೆ ಇವನ್ನು ಮುಂದುವರಿಸುವುದು ನನ್ನ ದೃಷ್ಟಿಯಲ್ಲಿ ಅರ್ಧ ಚಿಕಿತ್ಸೆ. ಲಿಥಿಯಂ ಆಯ್ಕೆಯಾದರೆ ರಕ್ತದಲ್ಲಿ ಅದರ ಮಟ್ಟ, ಮೂತ್ರಪಿಂಡ ಮತ್ತು ಥೈರಾಯ್ಡ್ ನೋಡುತ್ತಿರಬೇಕು. ಊಟ ಬಿಟ್ಟು, ಪ್ರಾಣಕ್ಕೇ ಕುತ್ತು ಬರುವಷ್ಟು ತೀವ್ರವಾದ ಖಿನ್ನತೆಗೆ ಅರಿವಳಿಕೆ ಕೊಟ್ಟು ತಲೆಗೆ ಅಲ್ಪ ವಿದ್ಯುತ್ ಹಾಯಿಸಿ ಮಾಡುವ ಇಸಿಟಿ ಚಿಕಿತ್ಸೆ ಔಷಧಗಳಿಗಿಂತ ಬೇಗ ಫಲ ಕೊಡುತ್ತದೆ. ಸಿನಿಮಾ ನೋಡಿ ಹುಟ್ಟಿದ ಭಯದಿಂದ ಅದನ್ನು ನಿರಾಕರಿಸಬೇಡಿ. ಆಪ್ತಸಮಾಲೋಚನೆ, ವಿಶೇಷವಾಗಿ ಯೋಚನಾಕ್ರಮವನ್ನು ತಿದ್ದುವ ಸಿಬಿಟಿ, ಈ ಎಲ್ಲ ಹಂತಗಳಲ್ಲೂ ಔಷಧದ ಜೊತೆಗೇ ನಡೆಯಬಹುದು.

ಶುರುವಾದ ಮೇಲೆ ಮನೆಯವರ ಕಣ್ಣು

ಮೊದಲ ನಾಲ್ಕು ವಾರ ಅತ್ಯಂತ ಎಚ್ಚರದ ಕಾಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲಿ ಮಕ್ಕಳು ಮತ್ತು ಹದಿಹರೆಯದವರ ಬಗ್ಗೆ, 2007ರಲ್ಲಿ 24 ವರ್ಷದವರೆಗಿನ ಯುವಜನರ ಬಗ್ಗೆಯೂ, ಖಿನ್ನತೆಯ ಔಷಧ ಶುರುವಾದಾಗ ಆತ್ಮಹತ್ಯೆಯ ಯೋಚನೆ ಹೆಚ್ಚಬಹುದೆಂದು ಎಚ್ಚರಿಸಿತು. ಯಾವ ವಯಸ್ಸಿನವರಲ್ಲೇ ಆಗಲಿ, ಖಿನ್ನತೆಯ ಜೊತೆ ತೀವ್ರ ಚಡಪಡಿಕೆಯೂ ನಿದ್ದೆಗೇಡೂ ಸೇರಿದರೆ ಅಪಾಯ ಹೆಚ್ಚು. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿ, ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಮಾತ್ರೆಗಳನ್ನು ಮನೆಯವರೊಬ್ಬರು ತಮ್ಮ ಬಳಿ ಇಟ್ಟುಕೊಂಡು ದಿನದ ಡೋಸ್ ಮಾತ್ರ ಕೊಡುವುದು, ಕೀಟನಾಶಕವನ್ನು ಮನೆಯಿಂದಲೇ ಹೊರಹಾಕುವುದು ಅವಶ್ಯ. ಅಂಥ ಮಾತು ಬಂದರೆ ರೋಗಿಯನ್ನು ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲೂ ರಾತ್ರಿಯೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಮತ್ತು ಧಾರವಾಡದ ಡಿಮ್ಹಾನ್ಸ್ ಅಲ್ಲದೆ ಜಿಲ್ಲಾಸ್ಪತ್ರೆಗಳಲ್ಲೂ ಮನೋವೈದ್ಯರು ಸಿಗುತ್ತಾರೆ.

ಜ್ವರ, ವಿಪರೀತ ಬೆವರು, ಭೇದಿ, ಸ್ನಾಯು ಬಿಗಿತ, ನಡುಕ ಒಟ್ಟಿಗೇ ಬಂದರೆ ಅದು ಮಿದುಳಿನ ರಾಸಾಯನಿಕವಾದ ಸೆರೊಟೋನಿನ್ ಅತಿಯಾದ ಸ್ಥಿತಿ ಇರಬಹುದು, ಅದೂ ತುರ್ತು. ನೋವಿನ ಮಾತ್ರೆ ಟ್ರಮಡಾಲ್ ಕೂಡ ಸೆರೊಟೋನಿನ್ ಹೆಚ್ಚಿಸುವುದರಿಂದ ಅದನ್ನು ಬರೆಯುವ ವೈದ್ಯರಿಗೆ ಎಸ್‌ಎಸ್‌ಆರ್‌ಐ ನಡೆಯುತ್ತಿದೆ ಎಂದು ಹೇಳಲೇಬೇಕು. ಬಿ.ಪಿ.ಗೆ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವ ಹಿರಿಯರಿಗೆ ಎಸ್‌ಎಸ್‌ಆರ್‌ಐ ಶುರುವಾದ ಮೇಲೆ ಮಂಪರು, ಗೊಂದಲ ಕಂಡರೆ ರಕ್ತದ ಸೋಡಿಯಂ ಕುಸಿದಿದೆಯೇ ಎಂದು ಪರೀಕ್ಷಿಸಬೇಕು.

ನಿಲ್ಲಿಸುವ ಕ್ರಮ

ಚೆನ್ನಾಗಿದ್ದೇನೆ ಎಂದು ಎರಡನೇ ತಿಂಗಳಿಗೇ ಬಿಟ್ಟುಬಿಡುವವರು ಬಹಳ. ಪೂರ್ತಿ ಗುಣವಾದ ಮೇಲೂ ಆರರಿಂದ ಒಂಬತ್ತು ತಿಂಗಳು, ಹಿಂದೆಯೂ ಖಿನ್ನತೆ ಬಂದಿದ್ದರೆ ಇನ್ನೂ ಹೆಚ್ಚು ಕಾಲ ಮುಂದುವರಿಸಿ ಆಮೇಲೆ ಹಂತಹಂತವಾಗಿ ಇಳಿಸಬೇಕು. ಪ್ಯಾರೊಕ್ಸೆಟಿನ್ ಮತ್ತು ವೆನ್ಲಾಫ್ಯಾಕ್ಸಿನ್ ಥಟ್ಟನೆ ನಿಂತರೆ ತಲೆಸುತ್ತು, ತಲೆಯೊಳಗೆ ವಿದ್ಯುತ್ ಹರಿದಂಥ ಜುಮುಗುಡುವಿಕೆ, ತಳಮಳ ಬರುತ್ತವೆ; ದೇಹದಲ್ಲಿ ವಾರಗಟ್ಟಲೆ ಉಳಿಯುವ ಫ್ಲುಯೊಕ್ಸೆಟಿನ್‌ನಲ್ಲಿ ಇದು ಕಡಿಮೆ. ದಿನವೂ ತೆಗೆದುಕೊಳ್ಳುತ್ತಿದ್ದ ಕ್ಲೊನಜೆಪಾಮ್ ಒಮ್ಮೆಲೇ ನಿಂತರೆ ಫಿಟ್ಸ್ ಕೂಡ ಬರಬಹುದಾದ್ದರಿಂದ ಅದನ್ನು ವಾರಗಳ ಅಥವಾ ತಿಂಗಳುಗಳ ಅವಧಿಯಲ್ಲಿ ನಿಧಾನವಾಗಿ, ವೈದ್ಯರು ಬರೆದುಕೊಟ್ಟ ಪಟ್ಟಿಯಂತೆಯೇ ಇಳಿಸಬೇಕು. ಇಳಿಸಿದ ಕೆಲವೇ ದಿನಗಳಲ್ಲಿ ತಲೆಸುತ್ತಿನ ಜೊತೆ ಶುರುವಾಗಿ, ಹಳೆಯ ಡೋಸ್‌ಗೆ ಮರಳಿದ ಒಂದೆರಡು ದಿನದಲ್ಲಿ ಮಾಯವಾಗುವ ಚಡಪಡಿಕೆ ಮಾತ್ರೆ ಬಿಟ್ಟದ್ದರಿಂದ ಬಂದದ್ದು. ವಾರಗಳ ನಂತರ ನಿಧಾನವಾಗಿ, ಮೊದಲಿನ ಬೇಸರ ನಿದ್ದೆಗೇಡುಗಳನ್ನು ಜೊತೆಗೆ ಕರೆದುಕೊಂಡೇ ಮರಳುವ ಚಡಪಡಿಕೆ ಕಾಯಿಲೆ ಮರುಕಳಿಸಿದ್ದರ ಗುರುತು. ಆಗ ಮುಂದಿನ ಭೇಟಿಯ ದಿನಕ್ಕಾಗಿ ಕಾಯದೆ ವೈದ್ಯರನ್ನು ಕಾಣಬೇಕು.